ದನ ಅಂದರೆ ಯಾವ ದನ? ನಮ್ಮ ಸೀಮೆಯ ರಾಸುಗಳ ಹೆಸರಿನ ಚರಿತ್ರೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದರು. ಸಂಘ ಹುಟ್ಟಿದ ಬಗೆ, ಕಟ್ಟಡ ಎದ್ದ ಬಗೆ, ಲಾಭ ನಷ್ಟ, ಬೋನಸ್ಸು ಇವೆಲ್ಲವನ್ನು ಮಾನ್ಯ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳು ತಮ್ಮ ತಮ್ಮ ಬರಹಗಳಲ್ಲಿ ವಿವರವಾಗಿ ತಿಳಿಸಿರುತ್ತಾರೆ. ಅದನ್ನೇ ನಾವೂ ಬರೆದರೆ ಓದುವವರಿಗೆ ಬೇಸರ. ಆದ್ದರಿಂದ ಸಂಘಕ್ಕೆ ಹಾಲು ಕೊಟ್ಟ ರಾಸುಗಳ ಬಗ್ಗೆ, ಅದರಲ್ಲೂ ಅವುಗಳ ಹೆಸರಿನ ಬಗ್ಗೆ ನಾಲ್ಕು ಮಾತು ಬರೆಯೋಣ ಎಂದುಕೊಂಡೆವು. ನಾವು ಎಸ್ಸೆಸ್ಸೆಲ್ಸಿವರೆಗೆ ಓದಿದವರು, ಪಂಡಿತರಲ್ಲ. ಆದರೆ ಕೊಟ್ಟಿಗೆ ಗೊತ್ತು, ಸಂಘದ ರಿಜಿಸ್ಟರೂ ಗೊತ್ತು. ಇವೆರಡರ ನಡುವೆ ಹೆಸರಿನ ವಿಷಯದಲ್ಲಿ ಇರುವ ಜಗಳ ನಮ್ಮ ಕಣ್ಣಿಗೆ ಬಿದ್ದು ಬಹಳ ದಿನವಾಯಿತು.

ಬಾಳ್ಳುಪೇಟೆ ಸುತ್ತಮುತ್ತಲ ಯಾವುದೇ ಹಳ್ಳಿಗೆ ಹೋಗಿ ಒಬ್ಬ ರೈತನನ್ನು "ಕೊಟ್ಟಿಗೇಲಿ ಏನೇನು ಕಟ್ಟಿದೀರಣ್ಣ?" ಎಂದು ಕೇಳಿ ನೋಡಿ. "ಎರಡು ಜರ್ಸಿ ಅವೆ, ಮೂರು ದನ ಅವೆ" ಅಂತ ಹೇಳ್ತಾರೆ. ಪೇಟೆಯಿಂದ ಬಂದವರಿಗೆ ಈ ಮಾತು ತಮಾಷೆಯಾಗಿ ಕಾಣುತ್ತದೆ. ಜರ್ಸಿ ದನ ಅಲ್ಲವೆ? ನಮ್ಮ ಕಡೆ ಅಲ್ಲ! ದನ ಅಂದರೆ ಆಳೆತ್ತರದ ಅರ್ಧಕ್ಕೆ ಬರುವ, ಬೆಳಿಗ್ಗೆ ಬಿಟ್ಟರೆ ಗುಡ್ಡ ಹತ್ತಿ ಮೇಯ್ದುಕೊಂಡು ಸಂಜೆ ತಾನೇ ಮನೆಗೆ ಬರುವ, ಹಿಂಡಿ ಬೂಸಾ ಕೇಳದ ನಮ್ಮ ಊರಿನ ಸಣ್ಣ ರಾಸು. ಉಳಿದದ್ದಕ್ಕೆಲ್ಲ ಬೇರೆ ಬೇರೆ ಹೆಸರು. ಅಂದರೆ ಎಲ್ಲಾ ದನಗಳಿಗೂ ಸಲ್ಲಬೇಕಾದ ಒಂದು ಮಾತು ನಮ್ಮಲ್ಲಿ ಒಂದೇ ತಳಿಯ ಹೆಸರಾಗಿ ನಿಂತುಬಿಟ್ಟಿದೆ.

ಇದು ಹೇಗಾಯಿತು ಎಂದು ಯೋಚಿಸಿದರೆ ಉತ್ತರ ಕಷ್ಟದ್ದಲ್ಲ. ಊರಲ್ಲಿ ಇದ್ದದ್ದೇ ಒಂದು ಜಾತಿ. ಅದಕ್ಕೆ ಬೇರೆ ಹೆಸರು ಯಾಕೆ ಬೇಕು? ಒಂದೇ ಬಾವಿ ಇರುವ ಊರಿನಲ್ಲಿ "ಬಾವಿ" ಅಂದರೆ ಸಾಕು, ಎರಡನೆಯದು ತೋಡಿದ ಮೇಲೆ "ಹಳೇ ಬಾವಿ, ಹೊಸ ಬಾವಿ" ಬರುತ್ತದೆ. ಕೋಳಿಯೂ ಹಾಗೆಯೇ. ನಮ್ಮ ಅಜ್ಜಂದಿರ ಕಾಲದಲ್ಲಿ ಬರೀ ಕೋಳಿ ಇತ್ತು. ಫಾರಂ ಕೋಳಿ ಬಂದ ಮೇಲೆ ಅದು "ನಾಟಿ ಕೋಳಿ" ಆಯಿತು. ಕೋಳಿ ತಾನೇನೂ ಬದಲಾಗಲಿಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಬಂದು ನಿಂತಿತು ಅಷ್ಟೆ. ನಮ್ಮ ದನವೂ ಹೀಗೆಯೇ "ಊರ ದನ", "ನಾಟಿ ದನ", "ಗಿಡ್ಡ" ಎಂಬ ಹೆಸರುಗಳನ್ನು ಬಹಳ ತಡವಾಗಿ ಪಡೆಯಿತು.

ಈ ಮಾತುಗಳ ಹುಟ್ಟಿನ ಬಗ್ಗೆ ನಮ್ಮೂರಿನ ನಿವೃತ್ತ ಕನ್ನಡ ಮೇಷ್ಟ್ರು ಬಹಳ ಸ್ವಾರಸ್ಯವಾಗಿ ಹೇಳಿದರು. "ದನ" ಎಂಬುದು "ಧನ" ಎಂಬುದರಿಂದಲೇ ಬಂದದ್ದು. ಹಣ, ಆಸ್ತಿ ಅಂದರೆ ಆಗ ರಾಸುಗಳೇ. ಇನ್ನು "ಹಸು". ಸಂಸ್ಕೃತದಲ್ಲಿ "ಪಶು" ಅಂದರೆ ಯಾವುದೇ ಪ್ರಾಣಿ. ಅದು ಹಳಗನ್ನಡದಲ್ಲಿ "ಪಸು" ಆಗಿ, ಆಮೇಲೆ ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ "ಹಸು" ಆಯಿತು. ಎಲ್ಲಾ ಪ್ರಾಣಿಗೂ ಇದ್ದ ಹೆಸರು ಹಾಲು ಕೊಡುವ ಒಂದೇ ಪ್ರಾಣಿಗೆ ಉಳಿಯಿತು. ಆದರೆ ಪಶುವೈದ್ಯ ಆಸ್ಪತ್ರೆಯಲ್ಲಿ "ಪಶು" ಹಳೆಯ ಅರ್ಥದಲ್ಲೇ ಇದೆ, ಅಲ್ಲಿಗೆ ನಾಯಿಯನ್ನೂ ಹಿಡಿದುಕೊಂಡು ಹೋಗಬಹುದು. ಸಂಸ್ಕೃತದಲ್ಲಿ "ಮೃಗ" ಎಂದರೆ ಕಾಡುಪ್ರಾಣಿಯೂ ಹೌದು, ಜಿಂಕೆಯೂ ಹೌದು. ಇಂಗ್ಲಿಷಿನ "ಡೀರ್" ಎಂಬ ಮಾತಿಗೂ ಒಂದು ಕಾಲದಲ್ಲಿ ಬರೀ ಪ್ರಾಣಿ ಎಂದೇ ಅರ್ಥವಿತ್ತಂತೆ, ಬರಬರುತ್ತಾ ಜಿಂಕೆಗೆ ನಿಂತಿತು. ಅಂದಮೇಲೆ ನಮ್ಮ ಕಡೆಯ ರೈತ "ದನ" ಎಂಬ ಮಾತನ್ನು ಬಳಸುವ ರೀತಿ ಅಜ್ಞಾನವಲ್ಲ, ಭಾಷೆಯ ನಡಿಗೆಯೇ ಹೀಗೆ.

ಕಾಫಿ ತೋಟದ ಲೈನ್‌ಮನೆಗಳಲ್ಲಿ ಇದಕ್ಕೆ ಇನ್ನೂ ಸಾಕ್ಷಿ ಸಿಗುತ್ತದೆ. ಕೇರಳದ ಕಡೆಯಿಂದ ಬಂದವರು ಹಸುವಿಗೆ ಇವತ್ತೂ "ಪಶು" ಅಂತಲೇ ಹೇಳ್ತಾರೆ. ತಮಿಳರು "ಮಾಡು" ಅನ್ನುತ್ತಾರೆ, ಹಳೆಯ ತಮಿಳಿನಲ್ಲಿ ಆ ಮಾತಿಗೆ ಐಶ್ವರ್ಯ ಎಂಬ ಅರ್ಥವೂ ಇದೆ. ಶಿರಾಡಿ ಘಾಟಿ ಇಳಿದರೆ ತುಳುವಿನಲ್ಲಿ "ಪೆತ್ತ". ಒಂದೇ ತೋಟದ ಗೊಬ್ಬರದ ಗುಂಡಿಗೆ ಸಗಣಿ ಹಾಕುವ ಒಂದೇ ಹಸುವಿಗೆ ಒಂದು ದಿನದಲ್ಲಿ ಇಷ್ಟು ಹೆಸರು!

ಸರ್ಕಾರದ ಕಾಗದದಲ್ಲಿ ಬರುವ ಮಾತುಗಳು ಬೇರೆಯೇ. "ಜಾನುವಾರು" ಪಾರಸಿಯಿಂದ ಬಂದದ್ದು, ಜೀವ ಇರುವಂಥದ್ದು ಎಂದು ಅರ್ಥ. ಸಂಘದ ಪುಸ್ತಕದಲ್ಲಿ ನಾವು ದಿನಾ ಬರೆಯುವ "ರಾಸು" ಎಂಬುದು ಅರಬ್ಬಿಯಲ್ಲಿ ತಲೆ. ಇಷ್ಟು ತಲೆ ಎಣ್ಣೆಗೆಂಪು, ಇಷ್ಟು ತಲೆ ಕಪ್ಪು ಎಂದು ಲೆಕ್ಕ ಹಾಕುವ ದಫ್ತರದ ಮಾತು ಅದು. ಲೆಕ್ಕಕ್ಕೆ ತಲೆ ಸಾಕು. ಹೆಸರು ಬೇಕಾದದ್ದು ಮನೆಯವರಿಗೆ. ಮನೆಯಲ್ಲಾದರೂ ಕರೆಯುತ್ತಿದ್ದದ್ದು ತಳಿಯ ಹೆಸರಿನಿಂದಲ್ಲ. ಕೆಂಪಿ, ಕಾಳಿ, ಕೌಲೆ, ಬೆಳ್ಳಿ, ಕೊಂಬಿಲ್ಲದ್ದು ಬೋಳಿ. ಗೋವಿನ ಹಾಡಿನಲ್ಲಿ ಕಾಳಿಂಗ ಗೊಲ್ಲ ತನ್ನ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದೇ ಕರೆಯುತ್ತಾನೆ, ಯಾವ ತಳಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹಾಗಾದರೆ ತಳಿಯ ಹೆಸರು ಯಾವಾಗ ಹುಟ್ಟುತ್ತದೆ? ಮಾರುವವನು, ಕೊಳ್ಳುವವನು, ದೊರೆ ಈ ಮೂವರು ಸೇರಿದಾಗ ಹುಟ್ಟುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ನಮ್ಮ ಹಳೇ ಮೈಸೂರು ಸೀಮೆಗಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ.

1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಗೆ ಹಾಲು ಬೆಣ್ಣೆ ಒದಗಿಸಲು "ಬೆಣ್ಣೆ ಚಾವಡಿ" ಎಂಬ ಇಲಾಖೆ ಮಾಡಿದರು. ಹಸುಗಳು ಮೇಯಲು ಅಲ್ಲಲ್ಲಿ ಕಾವಲುಗಳನ್ನು ಮೀಸಲಿಟ್ಟರು. ಈ ಕಾವಲುಗಳು ಈಗಿನ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಹರಡಿದ್ದವು. ಮುಂದೆ ಹೈದರ್ ಅಲಿಯ ಕಾಲಕ್ಕೆ ಬೆಣ್ಣೆಗಿಂತ ಎತ್ತುಗಳೇ ಮುಖ್ಯವಾದವು, ತೋಪು ಎಳೆಯಲು, ಸಾಮಾನು ಹೊರಲು. ಚಿದಂಬರಕ್ಕೆ ನೆರವಿಗೆ ಹೋಗುವಾಗ ಹೈದರನ ದಂಡು ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರಿನಲ್ಲಿಯೇ ಇದೆ. ಟಿಪ್ಪು ಸುಲ್ತಾನ ಬೆಣ್ಣೆ ಚಾವಡಿ ಎಂಬ ಹೆಸರನ್ನು ಬದಲಿಸಿ "ಅಮೃತ ಮಹಲ್" ಎಂದು ಇಟ್ಟ. ನಮ್ಮ ಸಕಲೇಶಪುರದ ಪಕ್ಕದಲ್ಲಿ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದವನೂ ಅವನೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಿಂಡುಗಳು ಬ್ರಿಟಿಷರ ಕಣ್ಣಿಗೂ ಬಿದ್ದು ಅವರ ಪಡೆಗೂ ದುಡಿದವು. 1860ರಲ್ಲಿ ಖರ್ಚು ಜಾಸ್ತಿ ಎಂದು ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟರು. ಆರು ವರ್ಷ ಕಳೆಯುವಷ್ಟರಲ್ಲಿ ಒಳ್ಳೆಯ ಎತ್ತು ಸಿಗದೆ ಪೇಚಾಡಿ 1866ರಲ್ಲಿ ಮತ್ತೆ ಶುರು ಮಾಡಿದರು. ಮಾರುವುದು ಒಂದು ದಿನದ ಕೆಲಸ, ಕಟ್ಟುವುದು ಹಾಗಲ್ಲ ಎಂಬುದು ದೊರೆಗಳಿಗೂ ಆಗ ಗೊತ್ತಾಗಿರಬೇಕು.

ಇಲ್ಲಿ ಗಮನಿಸಬೇಕಾದ್ದು ಹೆಸರು. "ಅಮೃತ ಮಹಲ್" ಎಂಬುದು ಹಸುವಿನ ಹೆಸರಲ್ಲ, ಇಲಾಖೆಯ ಹೆಸರು. ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗದ ರಾಸುಗಳನ್ನು ಸೇರಿಸಿ ಬೆಳೆಸಿದ ಹಿಂಡಿಗೆ ಇಲಾಖೆಯ ಹೆಸರೇ ತಳಿಯ ಹೆಸರಾಯಿತು. ಈಗಿನ ಕಾಲದಲ್ಲಿ ಹೇಳುವುದಾದರೆ ಪಿ.ಡಬ್ಲ್ಯು.ಡಿ. ಎತ್ತು ಅಂದ ಹಾಗೆ! ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಆ ತಳಿಯ ಸರ್ಕಾರಿ ಕೇಂದ್ರವಿದೆ, ಹರಾಜಿನ ದಿನ ದೂರದೂರದಿಂದ ರೈತರು ಬರುತ್ತಾರೆ.

ಹಳ್ಳಿಕಾರ ಎಂಬುದೂ ಮೊದಲು ಹಸುವಿನ ಹೆಸರಲ್ಲ. ಹಳ್ಳಿಕಾರರು ಅಂದರೆ ಈ ರಾಸುಗಳನ್ನು ಸಾಕಿ ಬೆಳೆಸಿದ ಜನ. ಸಾಕಿದವರ ಹೆಸರು ಸಾಕಿದ್ದಕ್ಕೆ ಅಂಟಿತು. 2000ನೇ ಇಸವಿಯಲ್ಲಿ ಭಾರತೀಯ ಅಂಚೆ ಇಲಾಖೆಯವರು ದೇಶದ ನಾಲ್ಕು ತಳಿಗಳ ಅಂಚೆಚೀಟಿ ತಂದಾಗ ಗಿರ್, ಕಾಂಕ್ರೇಜ್, ಕಂಗಾಯಂ ಜೊತೆ ಹಳ್ಳಿಕಾರವೂ ಇತ್ತು. ನಮ್ಮ ಹಿರಿಯರು ಗದ್ದೆ ಉಳಲು ದೊಡ್ಡ ಜೋಡಿ ಬೇಕಾದರೆ ಬಯಲುಸೀಮೆಯ ಜಾತ್ರೆಗಳಿಗೆ ಹೋಗುತ್ತಿದ್ದರು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆ ನಮ್ಮ ಜಿಲ್ಲೆಯಲ್ಲೇ ಹೆಸರುವಾಸಿ. ಅಲ್ಲಿಂದ ತಂದ ಎತ್ತುಗಳಿಗೆ ನಮ್ಮ ಕಡೆ "ಬಯಲುಸೀಮೆ ಎತ್ತು" ಅನ್ನುತ್ತಿದ್ದರೇ ಹೊರತು ದನ ಅನ್ನುತ್ತಿರಲಿಲ್ಲ. ಅಂಥ ಜೋಡಿ ಮನೆಗೆ ಬಂದರೆ ಊರೇ ನೋಡಲು ಬರುತ್ತಿತ್ತು. ಆದರೆ ಮಳೆಗಾಲದಲ್ಲಿ ನಮ್ಮ ಜೌಗು ಗದ್ದೆಯ ಕೆಸರಿನಲ್ಲಿ ಅವು ಹೂತುಕೊಂಡು ಒದ್ದಾಡುವಾಗ, ಪಕ್ಕದ ಗದ್ದೆಯಲ್ಲಿ ಹಗುರ ಮೈಯ ಗಿಡ್ಡ ಎತ್ತುಗಳು ಸಲೀಸಾಗಿ ಉಳುತ್ತಿದ್ದವು ಎಂದು ಹಿರಿಯರು ನಗುತ್ತಾ ಹೇಳುವುದನ್ನು ಕೇಳಿದ್ದೇವೆ.

ಉತ್ತರ ಕರ್ನಾಟಕಕ್ಕೆ ಹೋದರೆ ಇನ್ನೂ ಸೊಗಸಾದ ಉದಾಹರಣೆ ಇದೆ. ಬಿಜಾಪುರ, ಬೆಳಗಾವಿ ಕಡೆಯ ಖಿಲ್ಲಾರಿ ಎತ್ತುಗಳು ಎಲ್ಲರಿಗೂ ಗೊತ್ತು. "ಖಿಲ್ಲಾರ" ಎಂದರೆ ದನದ ಹಿಂಡು, "ಖಿಲ್ಲಾರಿ" ಎಂದರೆ ಹಿಂಡು ಕಾಯುವವನು. ಹಿಂಡು ಎಂಬ ಸಾಮಾನ್ಯ ಮಾತೇ ತಳಿಯ ಹೆಸರಾಗಿದೆ. ಅಲ್ಲಿ ಖಿಲ್ಲಾರಿ, ಇಲ್ಲಿ ದನ, ಎರಡೂ ಒಂದೇ ಕತೆ. ವ್ಯತ್ಯಾಸ ಏನೆಂದರೆ ಅವರ ಮಾತನ್ನು ಸರ್ಕಾರದವರು ತಳಿ ಎಂದು ಬೇಗ ಬರೆದುಕೊಂಡರು, ನಮ್ಮದನ್ನು ಬರೆದುಕೊಳ್ಳಲಿಲ್ಲ. ಯಾಕೆಂದರೆ ನಮ್ಮ ದನದ ಮೇಲೆ ಯಾವ ದೊರೆಯ ಕಣ್ಣೂ ಬಿದ್ದಿರಲಿಲ್ಲ. ತೋಪು ಎಳೆಯುವುದಿಲ್ಲ, ಜಾತ್ರೆಯಲ್ಲಿ ಬಹುಮಾನ ಗೆಲ್ಲುವುದಿಲ್ಲ, ಕೊಡ ತುಂಬ ಹಾಲೂ ಕೊಡುವುದಿಲ್ಲ. ಮನೆಮಟ್ಟಿಗೆ ಹಾಲು, ಮಜ್ಜಿಗೆ, ಗದ್ದೆಗೆ ಎತ್ತು, ಮುಖ್ಯವಾಗಿ ಗೊಬ್ಬರ. ಮಲೆನಾಡಿನಲ್ಲಿ ಒಂದು ಕಾಲಕ್ಕೆ ಇಪ್ಪತ್ತು ಮೂವತ್ತು ದನ ಕಟ್ಟುತ್ತಿದ್ದದ್ದು ಹಾಲಿಗಲ್ಲ, ಕೊಟ್ಟಿಗೆಗೆ ಸೊಪ್ಪು ಹಾಸಿ ತುಳಿಸಿ ತೆಗೆಯುವ ಗೊಬ್ಬರಕ್ಕೆ. ಗದ್ದೆ, ಏಲಕ್ಕಿ, ಕಾಫಿ ಎಲ್ಲವೂ ಆ ಗೊಬ್ಬರದಲ್ಲಿ ಬೆಳೆದವು.

ಸಾಮಾನ್ಯ ಮಾತು ತಳಿಯ ಹೆಸರಾಗುವುದು ಒಂದು ಕಡೆಯಾದರೆ, ತಳಿಯ ಹೆಸರು ಸಾಮಾನ್ಯ ಮಾತಾಗುವುದು ಇನ್ನೊಂದು ಕಡೆ. ಅದೇ ಜರ್ಸಿ.

1974-75ರಿಂದ ನಮ್ಮ ರಾಜ್ಯದಲ್ಲಿ ವಿಶ್ವಬ್ಯಾಂಕಿನ ನೆರವಿನ ಡೇರಿ ಅಭಿವೃದ್ಧಿ ಯೋಜನೆ ಶುರುವಾಯಿತು. 1977ರಲ್ಲಿ ಹಾಸನ ಹಾಲು ಒಕ್ಕೂಟ ಆಯಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ. ಅದರ ಜೊತೆ ಕೃತಕ ಗರ್ಭಧಾರಣೆ ಹಳ್ಳಿ ಹಳ್ಳಿಗೆ ಬಂತು. ನಮ್ಮ ಹಿರಿಯರು ಮೊದಮೊದಲು ಇವುಗಳಿಗೆ "ಸೀಮೆ ಹಸು" ಅನ್ನುತ್ತಿದ್ದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಇದ್ದ ಹಾಗೆ ಸೀಮೆ ಹಸು, ಎಲ್ಲಿಂದಲೋ ಬಂದದ್ದು ಎಂದು ಅರ್ಥ. ಆಮೇಲೆ ಜರ್ಸಿ ಎಂಬ ಹೆಸರು ಬಾಯಿಗೆ ಹತ್ತಿತು. ಒಮ್ಮೆ ಹತ್ತಿದ್ದು ಬಿಡಲಿಲ್ಲ. ಕಂದು ಬಣ್ಣದ್ದೂ ಜರ್ಸಿ, ಕಪ್ಪುಬಿಳಿ ಮಚ್ಚೆಯದ್ದೂ ಜರ್ಸಿ, ಅರ್ಧ ನಾಟಿ ಅರ್ಧ ಸೀಮೆಯದ್ದೂ ಜರ್ಸಿ. ನಿಜವಾಗಿ ನೋಡಿದರೆ ಕಪ್ಪುಬಿಳಿಯದ್ದು ಎಚ್.ಎಫ್., ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್. ಜರ್ಮನಿಯ ಹೋಲ್‌ಸ್ಟೀನ್, ಹಾಲೆಂಡಿನ ಫ್ರೀಸ್‌ಲ್ಯಾಂಡ್ ಎಂಬ ಎರಡು ಸೀಮೆಗಳ ಹೆಸರು ಸೇರಿ ಆದದ್ದು. ಜರ್ಸಿಯೋ, ಇಂಗ್ಲೆಂಡ್ ಫ್ರಾನ್ಸ್ ನಡುವಿನ ಕಡಲಿನಲ್ಲಿರುವ ಒಂದು ಪುಟ್ಟ ದ್ವೀಪ. ಆ ದ್ವೀಪದವರು 1789ರಲ್ಲೇ ಹೊರಗಿನ ದನ ನಮ್ಮ ದ್ವೀಪಕ್ಕೆ ಬರಕೂಡದು ಎಂದು ಕಾನೂನು ಮಾಡಿಕೊಂಡರು. 2008ರವರೆಗೆ, ಅಂದರೆ 200 ವರ್ಷಕ್ಕೂ ಮೇಲೆ, ಬೇರೆ ತಳಿಯ ರಕ್ತ ಒಳಗೆ ಬಿಡಲಿಲ್ಲ. ಅಂಥ ಹಟದಿಂದ ಕಾಪಾಡಿದ ಒಂದು ದ್ವೀಪದ ಹೆಸರು ನಮ್ಮ ಬಾಳ್ಳುಪೇಟೆಯಲ್ಲಿ ಕಂಡಕಂಡ ಮಿಶ್ರತಳಿಗೆಲ್ಲ ಅಂಟಿಕೊಂಡಿರುವುದನ್ನು ಅಲ್ಲಿಯವರು ಕೇಳಿದರೆ ಏನಂದಾರೋ!

ಹೆಸರಿನ ಈ ಗೋಜಲು ಬರೀ ಮಾತಿನ ವಿಷಯವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಇದರಿಂದ ಕೊಟ್ಟಿಗೆಯಲ್ಲಿ ನಷ್ಟವಾದದ್ದುಂಟು. ಸಣ್ಣ ಮೈಯ ರಾಸಿಗೆ ಎಚ್.ಎಫ್.ನಂಥ ದೊಡ್ಡ ತಳಿಯ ಕರು ಹೊಟ್ಟೆಯಲ್ಲಿ ಬೆಳೆದರೆ ಈಯುವಾಗ ಕಷ್ಟ. ಅದಕ್ಕೇ ಡಾಕ್ಟರುಗಳು ಮಲೆನಾಡಿನ ರಾಸಿಗೆ ಜರ್ಸಿ, ಬಯಲಿನ ದೊಡ್ಡ ರಾಸಿಗೆ ಎಚ್.ಎಫ್. ಎಂದು ಸಲಹೆ ಕೊಡುತ್ತಾ ಬಂದಿದ್ದಾರೆ. ಆದರೆ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಗಿಡ್ಡ ಕಡಸು ಬೆದೆಗೆ ಬಂದಾಗ ಅವರು ಕೇಳಿದ್ದು, "ನಮ್ಮ ಪಕ್ಕದ ಮನೇಲಿ ಹತ್ತು ಲೀಟರ್ ಕೊಡ್ತದಲ್ಲ, ಆ ಜರ್ಸಿದೇ ಹಾಕ್ಸಿ." ಪಕ್ಕದ ಮನೆಯದು ಜರ್ಸಿಯಾಗಿರಲಿಲ್ಲ, ಕಪ್ಪುಬಿಳಿಯ ಎಚ್.ಎಫ್. ಮಿಶ್ರತಳಿ. ಕೇಳಿದ್ದನ್ನೇ ಹಾಕಿದರು. ಒಂಬತ್ತು ತಿಂಗಳು ಕಳೆದ ಮೇಲೆ ಮೂರಡಿ ಎತ್ತರದ ಆ ಕಡಸು ಒಂದು ರಾತ್ರಿಯಿಡೀ ನರಳಿತು. ಬೆಳಗಿನ ಜಾವ ಡಾಕ್ಟರು ಬರುವ ಹೊತ್ತಿಗೆ ಕರುವೂ ಇಲ್ಲ, ತಾಯಿಯೂ ಇಲ್ಲ. ಆ ಮನೆಯವರಿಗೆ ಒಂದು ಹೆಸರಿನಿಂದ ಹೀಗಾಯಿತೆಂದು ಇವತ್ತಿಗೂ ನಂಬಿಕೆ ಬಂದಿಲ್ಲ, ಹಣೆಬರಹ ಅಂತಾರೆ.

ಇನ್ನೊಂದು ಪ್ರಸಂಗ. ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು, ಗಂಡನಿಲ್ಲದ ಹೆಂಗಸು, ಎರಡು ದನ ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿದರು. ಜೊತೆಗೆ ನಮ್ಮನ್ನೂ ಕರೆದುಕೊಂಡು ಹೋಗಿದ್ದರು. ಅರ್ಜಿ ತುಂಬುವ ಹುಡುಗ ಕೇಳಿದ:

"ಯಾವ ತಳಿ ಅಜ್ಜಿ?"

"ದನ ಕಣಪ್ಪ."

"ಅದು ಗೊತ್ತಾಯ್ತು, ಯಾವ ದನ? ಎಚ್ಚೆಫ್ಫಾ, ಜರ್ಸಿನಾ?"

"ಜರ್ಸಿ ನನ್ನ ಕೈಲಿ ಎಲ್ಲಾಯ್ತದೆ ಮಗ? ದನ. ನಮ್ಮ ದನ."

ಹುಡುಗ ನಮ್ಮ ಮುಖ ನೋಡಿದ. ಗಿಡ್ಡ ಅಂತ ಬರೀರಿ ಅಂದೆವು. ಅರ್ಜಿಯಲ್ಲಿ ಆ ಅಂಕಣ ಇಲ್ಲ ಅಂದ. "ಇತರೆ" ಎಂದು ಬರೆದ. ಹದಿನೈದು ದಿನದ ಮೇಲೆ ಅರ್ಜಿ ವಾಪಸು ಬಂತು, ತಳಿ ನಮೂದಿಸಿಲ್ಲ ಎಂಬ ಕಾರಣಕ್ಕೆ. ಆ ಅಜ್ಜಿಯ ಮಾತಿನಲ್ಲಿ ಏನು ತಪ್ಪಿತ್ತು? ಅವರು ತಳಿಯ ಹೆಸರನ್ನು ಮೂರು ಸಲ ಸ್ಪಷ್ಟವಾಗಿ ಹೇಳಿದ್ದರು. ಕೇಳುವ ಕಿವಿಗೆ ಅದು ತಳಿಯ ಹೆಸರು ಎಂದು ಗೊತ್ತಾಗಲಿಲ್ಲ ಅಷ್ಟೆ.

ಹೀಗೆ "ಇತರೆ"ಯಲ್ಲಿ ಸೇರುವುದು ನಮ್ಮ ದನಕ್ಕೆ ಹೊಸದಲ್ಲ. ದೇಶದಲ್ಲಿ ಜಾನುವಾರು ಗಣತಿ 1919ರಿಂದ ನಡೆಯುತ್ತಿದೆ. ಅದರಲ್ಲಿ ಯಾವ ಹೆಸರಾಂತ ತಳಿಗೂ ಸೇರದ ರಾಸುಗಳಿಗೆ ಇಂಗ್ಲಿಷಿನಲ್ಲಿ "ನಾನ್ ಡಿಸ್ಕ್ರಿಪ್ಟ್" ಎಂದು ಬರೆಯುತ್ತಾರೆ. ವರ್ಣಿಸಲು ಬಾರದ್ದು ಎಂದು ಅರ್ಥ. ದಶಕಗಟ್ಟಲೆ ನಮ್ಮ ದನ ಈ ಗುಂಪಿನಲ್ಲಿ ಇತ್ತು. ಹೆಸರಿಲ್ಲದ್ದನ್ನು ಸುಧಾರಿಸುವುದು ಸುಲಭ, ಯಾಕೆಂದರೆ ಏನು ಕಳೆಯಿತು ಎಂದು ಲೆಕ್ಕ ಕೇಳುವವರಿಲ್ಲ. 1961ರಲ್ಲಿ ನಮ್ಮ ರಾಜ್ಯದಲ್ಲಿ ಜಾನುವಾರು ಸುಧಾರಣೆಗೆ ಒಂದು ಕಾನೂನೇ ಬಂತು. ಪರವಾನಗಿ ಇಲ್ಲದ ಕಳಪೆ ಹೋರಿಗಳ ಬೀಜ ಒಡೆಸಬೇಕು ಎಂಬುದು ಅದರ ತಿರುಳು. ಉದ್ದೇಶ ಒಳ್ಳೆಯದೇ ಇರಬಹುದು, ಹಾಲು ಹೆಚ್ಚಿದ್ದೂ ನಿಜ, ನಮ್ಮ ಸಂಘ ನಿಂತಿರುವುದೇ ಆ ಹಾಲಿನ ಮೇಲೆ. ಆದರೆ "ಕಳಪೆ" ಮತ್ತು "ಹೆಸರಿಲ್ಲದ್ದು" ಎರಡೂ ಒಂದೇ ಎಂಬ ಭಾವನೆ ಆಗ ಬೇರೂರಿತು.

ಹೆಸರು ಬಂದದ್ದು 2012ರಲ್ಲಿ. ಹರಿಯಾಣದ ಕರ್ನಾಲ್‌ನಲ್ಲಿ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೋ ಎಂಬ ಸಂಸ್ಥೆ ಇದೆ. ದೇಶದ ತಳಿಗಳನ್ನು ನೋಂದಾಯಿಸುವುದು ಅವರ ಕೆಲಸ. ಅವರು ನಮ್ಮ ದನವನ್ನು "ಮಲೆನಾಡು ಗಿಡ್ಡ" ಎಂಬ ಹೆಸರಿನಲ್ಲಿ ಒಂದು ಪ್ರತ್ಯೇಕ ತಳಿ ಎಂದು ದಾಖಲೆ ಮಾಡಿದರು. ಪಶ್ಚಿಮ ಘಟ್ಟ ಹಾಗೂ ಕರಾವಳಿಯ ಜಿಲ್ಲೆಗಳು, ಅಂದರೆ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಇದರ ಸೀಮೆ. ಹಸುವಿನ ಎತ್ತರ ಸುಮಾರು ಮೂರಡಿ, ತೂಕ ಒಂದು ಕ್ವಿಂಟಾಲಿನ ಆಸುಪಾಸು. ಕುಂದಾಪುರದ ಕಡೆ ಇದಕ್ಕೆ "ವರ್ಷಗಂಧಿ" ಎಂಬ ಚೆಂದದ ಹೆಸರಿದೆ, ವರ್ಷಕ್ಕೊಂದು ಕರು ಹಾಕುವುದು ಎಂದು. ಹಾಲು ಕಮ್ಮಿಯಾದರೂ ಗಟ್ಟಿ. ಮಳೆ, ಉಣ್ಣೆ, ಜಿಗಣೆ ಯಾವುದಕ್ಕೂ ಜಗ್ಗುವುದಿಲ್ಲ. ಕಾಲುಬಾಯಿ ಜ್ವರ ಬಂದರೂ ಮಿಶ್ರತಳಿಯಷ್ಟು ನೆಲ ಹಿಡಿಯುವುದಿಲ್ಲ. 2019ರಲ್ಲಿ ನಡೆದ 20ನೇ ಜಾನುವಾರು ಗಣತಿಯಲ್ಲಿ ತಳಿವಾರು ಲೆಕ್ಕವನ್ನೂ ತೆಗೆದರು, ಅದರಲ್ಲಿ ಮಲೆನಾಡು ಗಿಡ್ಡ ತನ್ನ ಹೆಸರಿನಲ್ಲೇ ಎಣಿಕೆಗೆ ಸೇರಿತು.

"ಗಿಡ್ಡ" ಎಂಬ ಹೆಸರಿನ ಬಗ್ಗೆ ನಮ್ಮಲ್ಲಿ ಕೆಲವರಿಗೆ ಅಸಮಾಧಾನ ಇದೆ. ಕುಳ್ಳ ಅಂದ ಹಾಗಾಯಿತಲ್ಲ ಎಂದು. ಯೋಚನೆ ಮಾಡಿ ನೋಡಿದರೆ ಅದು ನಮ್ಮ ಮಾತಲ್ಲ, ಪಕ್ಕದಲ್ಲಿ ಎತ್ತರದ ರಾಸು ಇಟ್ಟುಕೊಂಡು ನೋಡಿದವರ ಮಾತು. ತನ್ನಷ್ಟಕ್ಕೆ ತಾನಿದ್ದಾಗ ಅದು ಗಿಡ್ಡವೂ ಅಲ್ಲ, ಉದ್ದವೂ ಅಲ್ಲ, ದನ. ಆದರೂ ಹೆಸರು ಸಿಕ್ಕಿದ್ದೇ ದೊಡ್ಡದು, ಅದನ್ನು ಬದಲಿಸುವ ತಂಟೆ ಬೇಡ. ಹೆಸರುಗಳು ಹೀಗೆ ಏರುಪೇರಾಗುವುದು ಎಲ್ಲ ಕಡೆಯೂ ಇದ್ದದ್ದೇ. ಮಂಡ್ಯದ ಕಡೆಯ ರುಚಿಯಾದ ಕುರಿ ಮಳವಳ್ಳಿ ತಾಲ್ಲೂಕಿನ ಬಂಡೂರಿನದ್ದು, ಜನ ಬನ್ನೂರು ಕುರಿ ಅನ್ನುತ್ತಾರೆ, ಸರ್ಕಾರದ ಪುಸ್ತಕದಲ್ಲಿ ಅದು ಮಂಡ್ಯ ತಳಿ. ಆಂಧ್ರದ ಒಂಗೋಲ್ ದನ ಕಡಲು ದಾಟಿ ಬ್ರೆಜಿಲ್ ದೇಶಕ್ಕೆ ಹೋಗಿ ಅಲ್ಲಿ ನೆಲ್ಲೂರಿನ ಹೆಸರಿನಲ್ಲಿ "ನೆಲೋರ್" ಆಗಿದೆ. ಧಾರವಾಡದ ಕಡೆ ಜನ ಬರೀ "ಜವಾರಿ ಎಮ್ಮೆ" ಅನ್ನುತ್ತಿದ್ದದ್ದು 2021ರಲ್ಲಿ "ಧಾರವಾಡಿ" ಎಂಬ ತಳಿಯಾಗಿ ನೋಂದಣಿಯಾಯಿತು. ಅಂದಹಾಗೆ ನಮ್ಮ ಜಿಲ್ಲೆಯ ಹೆಸರಿನಲ್ಲೇ "ಹಾಸನ" ಎಂಬ ಕುರಿ ತಳಿ ಇದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಹೆಸರಿನಿಂದ ಒಂದು ತಳಿ ಉಳಿದ ಉದಾಹರಣೆ ಕೇರಳದಲ್ಲಿದೆ. ವೈಕಂ ಹತ್ತಿರದ ವೆಚ್ಚೂರು ಎಂಬ ಊರಿನ ಹೆಸರಿನ ಸಣ್ಣ ಹಸು ಇನ್ನೇನು ಮುಗಿದೇ ಹೋಯಿತು ಅನ್ನುವ ಹೊತ್ತಿಗೆ, 1989ರಲ್ಲಿ ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಶೋಶಮ್ಮ ಐಪ್ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರೂರು ಅಲೆದು ಬೆರಳೆಣಿಕೆಯ ರಾಸುಗಳನ್ನು ಹುಡುಕಿ ತಂದು ಮರಿ ಮಾಡಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಹುಡುಕಿಕೊಂಡು ಹೋಗಲು ಸಾಧ್ಯವಾದದ್ದು "ವೆಚ್ಚೂರು" ಎಂಬ ಹೆಸರು ಹಳಬರ ಬಾಯಲ್ಲಿ ಇದ್ದದ್ದರಿಂದ. ಬರೀ "ಪಶು" ಎಂದು ಕೇಳಿದ್ದರೆ ಯಾವ ಕೊಟ್ಟಿಗೆ ಎಂದು ತೋರಿಸುತ್ತಿದ್ದರು?

ನಮ್ಮ ಸೀಮೆಯಲ್ಲಿ ಈಗ ಪರಿಸ್ಥಿತಿ ತಲೆಕೆಳಗಾಗಿದೆ. ಹೆಸರು ಸಿಕ್ಕಿದೆ, ದನ ಸಿಗುತ್ತಿಲ್ಲ. ಗೋಮಾಳಗಳು ಒತ್ತುವರಿಯಾಗಿ ಕಾಫಿ ತೋಟಗಳಾದವು. ಆಲೂರು ಸಕಲೇಶಪುರ ತಾಲ್ಲೂಕುಗಳಲ್ಲಿ ಆನೆ ಕಾಟ ಹೆಚ್ಚಿ ದನ ಹೊಡೆದುಕೊಂಡು ಗುಡ್ಡಕ್ಕೆ ಹೋಗುವವರಿಲ್ಲ. 2014ರಲ್ಲಿ 22 ಆನೆ ಹಿಡಿದು ಸಾಗಿಸಿದರೂ ಕಾಟ ನಿಂತಿಲ್ಲ. ಗದ್ದೆಗೆ ಟಿಲ್ಲರ್ ಬಂತು, ಗಂಡು ಕರು ಯಾರಿಗೂ ಬೇಡ. ಕೊಟ್ಟಿಗೆಯಲ್ಲೇ ಕಟ್ಟಿ ಹುಲ್ಲು ಹಾಕಬೇಕಾದರೆ ಒಂದು ಲೀಟರ್ ಕೊಡುವುದಕ್ಕಿಂತ ಹತ್ತು ಲೀಟರ್ ಕೊಡುವುದನ್ನೇ ಕಟ್ಟೋಣ ಎಂಬುದು ರೈತನ ಲೆಕ್ಕ, ಅದನ್ನು ತಪ್ಪು ಎನ್ನಲಾಗುವುದಿಲ್ಲ. ಈಗ ಪಟ್ಟಣದ ಕಡೆಯಿಂದ ಕಾರಿನಲ್ಲಿ ಬಂದು "ಗಿಡ್ಡ ಇದೆಯಾ, ಎಷ್ಟಾದರೂ ಕೊಡ್ತೀವಿ" ಅನ್ನುವವರೂ ಇದ್ದಾರೆ. ಅವರು ಕೇಳುವುದು ಹಸು, ಹೋರಿ ಅಲ್ಲ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಬೀಜ ಒಡೆಯದ ಗಿಡ್ಡ ಹೋರಿ ಎಷ್ಟಿವೆ ಎಂದು ಎಣಿಸಲು ಒಂದು ಕೈಯ ಬೆರಳು ಸಾಕು. ಹೋರಿ ಇಲ್ಲದಿದ್ದರೆ ಬೆದೆಗೆ ಬಂದ ಗಿಡ್ಡಕ್ಕೂ ಮಿಶ್ರತಳಿಯದ್ದೇ ಗತಿ, ಮುಂದಿನ ಕರು ಕಾಗದದಲ್ಲಿ ಏನು ಬರೆದರೂ ಗಿಡ್ಡ ಅಲ್ಲ.

ಇನ್ನು ನಮ್ಮ ಸಂಘದ ವಿಷಯ. ಸಹಕಾರ ತತ್ವದಲ್ಲಿ ಎಲ್ಲರೂ ಸಮಾನರು, ಹೌದು. ಆದರೆ ಬೈಲಾ ಪ್ರಕಾರ ಸದಸ್ಯರು ವರ್ಷಕ್ಕೆ ಇಷ್ಟು ಹಾಲು ಹಾಕಿದರೆ ಮಾತ್ರ ಮತ ಹಾಕುವ ಹಕ್ಕು. ಗಿಡ್ಡ ಕಟ್ಟಿಕೊಂಡವರು ಆ ಲೆಕ್ಕ ಮುಟ್ಟುವುದು ಕಷ್ಟ. ಮಗ ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದವರು, ಒಂದೆರಡು ದನ, ಕಾಫಿ ಡಬ್ಬದಲ್ಲಿ ಮುಕ್ಕಾಲು ಲೀಟರ್ ಹಾಲು ಹಿಡಿದು ಮಂಜಿನಲ್ಲಿ ಡೇರಿಗೆ ಬರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಫ್ಯಾಟು ನೋಡುವ ಹುಡುಗ ಅವರ ಹಾಲು ಮಿಷನ್ನಿಗೆ ಹಾಕಿದರೆ ಬೇಕಾದ 3.5 ದಾಟಿ ಮೇಲೆ ಹೋಗಿರುತ್ತದೆ. ಆದರೆ ಪಟ್ಟಿಯಲ್ಲಿ ಲೀಟರ್ ಕಮ್ಮಿ, ಆದ್ದರಿಂದ ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತುವಂತಿಲ್ಲ. ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಬಂದಾಗ ನಿರ್ದೇಶಕರಲ್ಲೇ ಎರಡು ಅಭಿಪ್ರಾಯ ಬಂತು. ನಿಯಮ ಅಂದರೆ ನಿಯಮ, ಒಬ್ಬರಿಗೆ ಸಡಿಲ ಮಾಡಿದರೆ ಹಾಲು ಹಾಕದವರೆಲ್ಲ ಮತಕ್ಕೆ ಬರುತ್ತಾರೆ ಎಂದು ಕೆಲವರು. ಹೆಸರಿರುವ ತಳಿಯನ್ನು ಸಾಕುವವರನ್ನು ಹೊರಗಿಟ್ಟು ಮಿಶ್ರತಳಿಯವರೇ ಸಂಘ ನಡೆಸಿದರೆ ಹೇಗೆ ಎಂದು ಉಳಿದವರು. ನಾವು ಎರಡನೆಯವರ ಕಡೆ. ಮೊದಲನೆಯವರ ಭಯದಲ್ಲೂ ಹುರುಳಿದೆ. ಬೈಲಾ ತಿದ್ದುವುದು ಒಂದು ಸಂಘದ ಕೈಯಲ್ಲಿರುವ ಕೆಲಸವೂ ಅಲ್ಲ, ಮೇಲಿನವರ ಒಪ್ಪಿಗೆ ಬೇಕು.

ನಮ್ಮ ಕೈಯಲ್ಲಿ ಆಗುವುದು ಒಂದನ್ನು ಮಾಡಿದ್ದೇವೆ. ಸಂಘದ ಸದಸ್ಯರ ರಿಜಿಸ್ಟರಿನಲ್ಲಿ ಇಷ್ಟು ವರ್ಷ "ರಾಸುಗಳ ಸಂಖ್ಯೆ" ಎಂಬ ಒಂದೇ ಮನೆ ಇತ್ತು. ಈ ವರ್ಷದಿಂದ ಅದನ್ನು ಎಚ್.ಎಫ್. ಮಿಶ್ರ, ಜರ್ಸಿ ಮಿಶ್ರ, ಮಲೆನಾಡು ಗಿಡ್ಡ, ಎಮ್ಮೆ ಎಂದು ನಾಲ್ಕು ಮಾಡಿ ಗೆರೆ ಹೊಡೆಸಲಾಗಿದೆ. ಸದಸ್ಯರು "ದನ" ಎಂದು ಹೇಳಿದರೆ ಮೂರನೆಯ ಮನೆಯಲ್ಲಿ ಬರೆಯಬೇಕು, "ಜರ್ಸಿ" ಎಂದು ಹೇಳಿದರೆ ಬಣ್ಣ ಕೇಳಿ ಬರೆಯಬೇಕು ಎಂದು ಕಾರ್ಯದರ್ಶಿಗಳಿಗೆ ತಿಳಿಸಲಾಗಿದೆ. ಕಿವಿಗೆ ಹಾಕಿರುವ ಹಳದಿ ಓಲೆಯ 12 ಅಂಕಿಯನ್ನೂ ಪಕ್ಕದಲ್ಲಿ ಬರೆಸಿಕೊಳ್ಳುತ್ತಿದ್ದೇವೆ. ಓಲೆ ಹಾಕಿಸದೆ ಇರುವವರು ದಯವಿಟ್ಟು ಪಶು ಆಸ್ಪತ್ರೆಯವರು ಬಂದಾಗ ಹಾಕಿಸಿಕೊಳ್ಳಬೇಕು. ಯಾರ ಮನೆಯಲ್ಲಾದರೂ ಗಿಡ್ಡ ಹೋರಿಕರು ಇದ್ದರೆ ಮಾರುವ ಮೊದಲು ಒಂದು ಮಾತು ಸಂಘಕ್ಕೆ ತಿಳಿಸಬೇಕಾಗಿ ವಿನಂತಿ. ಕೊಳ್ಳಲು ಸಂಘದಲ್ಲಿ ಹಣವಿಲ್ಲ, ಆದರೆ ಸುತ್ತಿನಲ್ಲಿ ಯಾರಿಗೆ ಬೇಕಾಗಿದೆ ಎಂಬ ಪಟ್ಟಿ ಕಾರ್ಯದರ್ಶಿಗಳ ಮೇಜಿನ ಮೇಲಿದೆ, ಸದ್ಯ ಅದರಲ್ಲಿ ಏಳು ಮನೆಯವರ ಹೆಸರಿದೆ.